ನಾಯಿ ಅಂದ್ರೆ ನನಗೆ ಪ್ರಾಣ, ಶೆಲ್ಟರ್ ಕೆಲಸಕ್ಕೆ ಸೇರಬಹುದಾ?

ಬಿಕಾಂ ಮುಗಿದಿದೆ, ನಾಯಿ ಬೆಕ್ಕು ಅಂದ್ರೆ ಪ್ರಾಣ, ಪ್ರಾಣಿಗಳ ಶೆಲ್ಟರ್‌ನಲ್ಲಿ ಆರೈಕೆ ಕೆಲಸಕ್ಕೆ ಸೇರುವ ಆಸೆ, ಅಲ್ಲಿ ದಿನವಿಡೀ ಏನು ಕೆಲಸ ಇರುತ್ತದೆ, ಮನಸ್ಸು ತಡೆಯುತ್ತದಾ ಅಂತ ಕೇಳಿದ್ದೀರಿ. ನಾನು ಬಳ್ಳಾರಿ ಊರಾಚೆಯ ಒಂದು ಸಣ್ಣ ಶೆಲ್ಟರ್‌ನಲ್ಲಿ ಆರು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನಾನೂ ಬಿಕಾಂ. ಹಾಗಾಗಿ ಉತ್ತರ ಬರೆಯೋಣ ಅನ್ನಿಸಿತು.

ಪ್ರಾಣ ಅಂದ್ರಲ್ಲ, ಅದನ್ನು ಸ್ವಲ್ಪ ಪಕ್ಕಕ್ಕಿಡಿ. ಮುದ್ದು ಮಾಡಲು ಸಿಗುವ ಹೊತ್ತು ತುಂಬಾ ಕಡಿಮೆ. ಬೆಳಿಗ್ಗೆ ಆರೂವರೆಗೆ ಗೇಟು ತೆಗೆದ ತಕ್ಷಣ ನಾನು ಮಾಡುವ ಮೊದಲ ಕೆಲಸ ಒಂದು ಸುತ್ತು ಸುಮ್ನೆ ನಡೆಯುವುದು. ಪೊರಕೆ ಮುಟ್ಟುವುದಿಲ್ಲ, ನೀರು ಬಿಡುವುದಿಲ್ಲ. ರಾತ್ರಿ ಹಾಕಿದ ಅನ್ನ ಯಾವ ತಟ್ಟೆಯಲ್ಲಿ ಉಳಿದಿದೆ, ಯಾವ ಗೂಡಿನಲ್ಲಿ ವಾಂತಿ ಇದೆ, ಯಾರ ಹೇಲು ನೀರಾಗಿದೆ, ದಿನಾ ಗೇಟಿಗೆ ಹಾರುವವನು ಇವತ್ತು ಯಾಕೆ ಮೂಲೆ ಬಿಟ್ಟು ಏಳಲಿಲ್ಲ, ಇದೆಲ್ಲ ನೋಡಿ ನೋಟ್‌ಬುಕ್‌ನಲ್ಲಿ ಬರೆಯಬೇಕು. ತೊಳೆದ ಮೇಲೆ ಬರೆಯಲು ಏನೂ ಉಳಿದಿರುವುದಿಲ್ಲ, ಅಲ್ವಾ? ಡಾಕ್ಟರು ಹನ್ನೊಂದಕ್ಕೆ ಬಂದು ಮೊದಲು ಕೇಳುವುದೂ ಅದನ್ನೇ. ಒಪ್ಪತ್ತು ಊಟ ಬಿಟ್ಟ ನಾಯಿಯನ್ನು ಅವತ್ತೇ ಗುರುತಿಸಿದರೆ ಒಂದು ಡ್ರಿಪ್‌ನಲ್ಲಿ ಮುಗಿಯುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಕೆಲವು ಸಲ ಏನೂ ಮಾಡಲು ಆಗುವುದಿಲ್ಲ.

ಆಮೇಲೆ ತೊಳೆಯುವುದು. ಮಧ್ಯಾಹ್ನದವರೆಗೂ ತೊಳೆಯುವುದೇ. ನನ್ನ ಅವ್ವ ಮೊದಲ ತಿಂಗಳು ಕೇಳಿದಳು, "ನಾಯಿ ಹೇಲು ಬಾಚಾಕ ಡಿಗ್ರಿ ಓದಿದೇನು?" ಅಂತ. ಪ್ರಶ್ನೆ ಸರಿಯಾಗೇ ಇತ್ತು. ಆದರೆ ಬಾಚುವುದನ್ನೂ ಕಲಿಯಬೇಕು ಅಂತ ನನಗೆ ಗೊತ್ತಾಗಿದ್ದು ಒಂದು ದೊಡ್ಡ ತಪ್ಪು ಮಾಡಿದ ಮೇಲೆ.

ಮೊದಲ ವರ್ಷದ ಮಾತು. ಯಾರೋ ಮಿಕ್ಸಿಯ ರಟ್ಟಿನ ಡಬ್ಬದಲ್ಲಿ ಒಂದು ಮರಿ ತಂದು ಗೇಟಿನ ಮುಂದೆ ಇಟ್ಟು ಹೋಗಿದ್ದರು. ಎರಡು ತಿಂಗಳಿನದ್ದು ಇರಬಹುದು. ವಾಂತಿ, ರಕ್ತ ಬೆರೆತ ಭೇದಿ. ಪಾರ್ವೊ, ಮರಿಗಳ ಜೀವ ತೆಗೆಯುವ ವೈರಸ್ ರೋಗ. ಆ ವಾಸನೆ ಒಂದು ಸಲ ಮೂಗಿಗೆ ಹತ್ತಿದರೆ ಮುಂದೆ ಬಾಗಿಲಲ್ಲೇ ಗೊತ್ತಾಗುತ್ತದೆ. ಮೂರನೇ ದಿನ ಮರಿ ಹೋಯಿತು. ನಾನು ಆ ಗೂಡನ್ನು ಫಿನಾಯಿಲ್ ಹಾಕಿ ಮೂರು ಸಲ ತೊಳೆದೆ, ಘಮಘಮ ಅನ್ನುವ ಹಾಗೆ. ಎರಡು ವಾರ ಬಿಟ್ಟು ಅಲ್ಲಿಗೇ ನಾಲ್ಕು ಹೊಸ ಮರಿ ಬಿಟ್ಟೆ. ಐದನೇ ದಿನ ಬೆಳಿಗ್ಗೆ ಸುತ್ತು ಹೊಡೆಯುವಾಗ ಅದೇ ವಾಸನೆ. ನಾಲ್ಕರಲ್ಲಿ ಒಂದು ಉಳಿಯಿತು. ಡಾಕ್ಟರು ಬೈಯಲಿಲ್ಲ. "ಏನ್ ಹಾಕಿ ತೊಳ್ದಿಯಮ್ಮಾ?" ಅಂತ ಕೇಳಿದರು, ಅಷ್ಟೇ. ಮಾರನೇ ದಿನ ಒಂದು ಕ್ಯಾನ್ ಬ್ಲೀಚ್ ತಂದಿಟ್ಟು ಗೋಡೆ ಮೇಲೆ ಬರೆದರು: ಮೊದಲು ಸೋಪು, ಆಮೇಲೆ ಬ್ಲೀಚ್, 10 ನಿಮಿಷ. ಫಿನಾಯಿಲ್‌ಗೆ ಪಾರ್ವೊ ವೈರಸ್ ಸಾಯುವುದಿಲ್ಲ. ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. 30 ಪಾಲು ನೀರಿಗೆ 1 ಪಾಲು ಬ್ಲೀಚ್ ಬೆರೆಸಿ ಹಾಕಬೇಕು, ಅದೂ ಗಲೀಜು ಪೂರ್ತಿ ಎತ್ತಿ ಸೋಪಿನಲ್ಲಿ ಉಜ್ಜಿದ ಮೇಲೆ, ಯಾಕೆಂದರೆ ಗಲೀಜಿನ ಮೇಲೆ ಸುರಿದ ಬ್ಲೀಚ್ ಗಲೀಜಿಗೇ ಖರ್ಚಾಗಿಬಿಡುತ್ತದೆ. ಆ ಗೋಡೆಗೆ ಆಮೇಲೆ ಎರಡು ಸಲ ಸುಣ್ಣ ಬಳಿದಿದ್ದೇವೆ, ಎರಡು ಸಲವೂ ಅದೇ ಸಾಲನ್ನು ನಾನೇ ಮತ್ತೆ ಬರೆದಿದ್ದೇನೆ.

ಬೆಕ್ಕಿನ ಕೋಣೆಗಂತೂ ಫಿನಾಯಿಲ್ ಒಳಗೇ ಹೋಗಬಾರದು. ಬೆಕ್ಕು ನೆಲದ ಮೇಲೆ ಓಡಾಡಿ ಪಾದ ನೆಕ್ಕಿಕೊಳ್ಳುತ್ತದೆ, ಅದರ ಲಿವರ್‌ಗೆ ಆ ವಿಷ ಅರಗಿಸುವ ಶಕ್ತಿ ಇಲ್ಲ. ನಿಮ್ಮ ಮನೆಯಲ್ಲಿ ಬೆಕ್ಕಿದ್ದರೆ ಇವತ್ತೇ ಬಾಟಲಿ ಬದಲಾಯಿಸಿ.

ಊಟದ ವಿಷಯ. ನುಚ್ಚಕ್ಕಿ ಅನ್ನ, ಚಿಕನ್ ಅಂಗಡಿಯವರು ಕೊಡುವ ಉಳಿಕೆ, ಚಿಟಿಕೆ ಅರಿಶಿನ, ದೊಡ್ಡ ಹಂಡೆಯಲ್ಲಿ ಬೇಯಿಸುತ್ತೇವೆ. ಬೆಂದ ಮೂಳೆ ಆರಿಸಿ ತೆಗೆಯಬೇಕು, ಅದು ಸೀಳಿ ಸೂಜಿಯ ಹಾಗಾಗುತ್ತದೆ. ಮದುವೆ ಸೀಸನ್‌ನಲ್ಲಿ ಜನ ಪ್ರೀತಿಯಿಂದಲೇ ಉಳಿದ ಬಿರಿಯಾನಿ ಪಾತ್ರೆಗಟ್ಟಲೆ ತರುತ್ತಾರೆ. ಬೇಡ ಅಂದರೆ ಮುಖ ಸಪ್ಪಗಾಗುತ್ತದೆ. ಆದರೆ ಅದರ ತುಂಬಾ ಈರುಳ್ಳಿ, ಈರುಳ್ಳಿ ನಾಯಿಯ ರಕ್ತಕ್ಕೆ ವಿಷ. ಕಣ್ಣು ಬಿಡದ ಮರಿಗಳು ಬಂದರೆ ಎರಡು ಮೂರು ಗಂಟೆಗೊಮ್ಮೆ ರಾತ್ರಿಯೂ ಹಾಲು ಕುಡಿಸಬೇಕು. ಹಸುವಿನ ಹಾಲು ಅಲ್ಲ, ಮರಿಗಳಿಗೆ ಅಂತಲೇ ಸಿಗುವ ಹಾಲಿನ ಪುಡಿ. ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ, ಹೊಟ್ಟೆ ಕೆಳಗೆ ಮಾಡಿಯೇ ಕುಡಿಸಬೇಕು. ಕುಡಿದ ಮೇಲೆ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಹಿಂದೆ ಮೆಲ್ಲಗೆ ಒರೆಸಿದರೇ ಅವು ಉಚ್ಚೆ ಹೊಯ್ಯುವುದು. ತಾಯಿ ನಾಲಿಗೆಯಲ್ಲಿ ಮಾಡುವ ಕೆಲಸ ಅದು.

ಇನ್ನು ನಮ್ಮ ಬಿಸಿಲು. ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ತಮಾಷೆ ಮಾಡುತ್ತಾರೆ. ಏಪ್ರಿಲ್ ಮೇನಲ್ಲಿ 40 ಡಿಗ್ರಿ ದಾಟಿದ ಮೇಲೆ ಅದು ತಮಾಷೆಯಾಗಿ ಉಳಿಯುವುದಿಲ್ಲ. ಸುತ್ತ ಬರೀ ಬಂಡೆ, ರಾತ್ರಿ ಹತ್ತಕ್ಕೂ ಬಿಸಿ ಉಗುಳುತ್ತಿರುತ್ತದೆ. ನಾಯಿಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ತಗಡಿನ ಮೇಲೆ ಜೋಳದ ಸೊಪ್ಪೆ ಹಾಸುತ್ತೇವೆ, ಜಾಲರಿಗೆ ಗೋಣಿಚೀಲ ಕಟ್ಟಿ ಗಂಟೆಗೊಮ್ಮೆ ನೀರು ಚಿಮುಕಿಸುತ್ತೇವೆ, ಮಣ್ಣಿನ ಬಾನಿಯಲ್ಲಿ ನೀರಿಡುತ್ತೇವೆ. ಹೊಸದಾಗಿ ಬಂದ ಹುಡುಗನೊಬ್ಬ ಬಿಸಿಲಿಗೆ ಬಿದ್ದ ನಾಯಿ ಮೇಲೆ ಐಸ್ ಸುರಿಯಲು ಹೋಗಿದ್ದ. ಹಾಗೆ ಮಾಡಬಾರದು. ನೆರಳಿಗೆ ಎಳೆದು, ಮಾಮೂಲಿ ನೀರು ಹಾಕಿ ಗಾಳಿ ಬೀಸಬೇಕು.

ಇನ್ನು ಗಾಯಗಳು. ಊಟ ಮಾಡುತ್ತಾ ಓದುತ್ತಿದ್ದರೆ ಈ ಪ್ಯಾರಾ ಬಿಟ್ಟುಬಿಡಿ. ಮಳೆ ಶುರುವಾದರೆ ಹುಳ ಬಿದ್ದ ಗಾಯಗಳು ಜಾಸ್ತಿ. ಹೊರಗೆ ಕಾಣುವುದು ನಾಲ್ಕಾಣೆ ಅಗಲದ ತೂತು, ಒಳಗೆ ಬೆರಳು ಹೋಗುವಷ್ಟು ಪೊಟರೆ. ಕೌಲ್ ಬಜಾರ್ ಕಡೆಯಿಂದ ಒಬ್ಬರು ಸ್ಕೂಟಿಯ ಮುಂದೆ ಗೋಣಿಯಲ್ಲಿ ಸುತ್ತಿ ಒಂದು ಹೆಣ್ಣು ನಾಯಿ ತಂದಿದ್ದರು, ಕಿವಿ ಹಿಂದೆ ಗಾಯ. "ಅಕ್ಕಾ, ಸೀಮೆಎಣ್ಣಿ ಹಾಕೀನ್ರಿ, ಆದ್ರೂ ಹುಳ ಹೋಗವಲ್ದು" ಅಂದರು. ಸುತ್ತ ಕೂದಲು ಕತ್ತರಿಸಿ, ಬಾಯಿಕಟ್ಟು ಹಾಕಿ, ಡಾಕ್ಟರು ಔಷಧಿ ಬಿಟ್ಟ ಮೇಲೆ ಹುಳ ಉಸಿರಿಗೆ ಅಂತ ಮೇಲೆ ಬರುತ್ತವೆ, ಆಗ ಚಿಮಟದಲ್ಲಿ ಒಂದೊಂದೇ ಹಿಡಿದು ತೆಗೆಯಬೇಕು. ಎಪ್ಪತ್ತರವರೆಗೆ ಎಣಿಸಿ ಬಿಟ್ಟೆ. ಆ ನಾಯಿ ಅಷ್ಟು ಹೊತ್ತೂ ನನ್ನ ಮೊಣಕಾಲಿಗೆ ತಲೆ ಒತ್ತಿಕೊಂಡು ನಿಂತಿತ್ತು. ಸೀಮೆಎಣ್ಣೆ ಚರ್ಮ ಸುಡುತ್ತದೆ, ಅಷ್ಟೇ. ಕಜ್ಜಿಗೆ ಗ್ಯಾರೇಜಿನ ಸುಟ್ಟ ಆಯಿಲ್ ಬಳಿಯುವುದೂ ಹಾಗೇ, ನಾಯಿ ಅದನ್ನು ನೆಕ್ಕಿ ಹೊಟ್ಟೆಗೆ ಇಳಿಸುತ್ತದೆ.

ಕಚ್ಚುವುದಾ? ಕಚ್ಚುತ್ತವೆ. ನನಗೆ ನಾಲ್ಕು ಸಲ ಆಗಿದೆ, ಮೂರು ಸಲ ತಪ್ಪು ನನ್ನದೇ. ಸೇರುವ ಮೊದಲೇ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ, 0 (ಅಂದರೆ ಮೊದಲ ಸೂಜಿಯ ದಿನ), 7 ಮತ್ತು 21 ಅಥವಾ 28ನೇ ದಿನ, ಒಟ್ಟು ಮೂರು ಡೋಸ್. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಅನ್ನುವುದು ಹಳೇ ಕಥೆ, ಈಗ ತೋಳಿಗೆ ಹಾಕುತ್ತಾರೆ. ಮೊದಲೇ ಹಾಕಿಸಿಕೊಂಡಿದ್ದರೆ ಕಚ್ಚಿದಾಗ ಎರಡೇ ಡೋಸ್, 0 ಮತ್ತು 3ನೇ ದಿನ. ಆದರೆ ಅದಕ್ಕೂ ಮೊದಲು ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು, ಗಡಿಯಾರ ನೋಡಿಕೊಂಡು. ಲಕ್ಷಣ ಶುರುವಾದ ಮೇಲೆ ಈ ರೋಗಕ್ಕೆ ಔಷಧಿ ಇಲ್ಲ ಅನ್ನುವುದು ನೆನಪಿದ್ದರೆ 15 ನಿಮಿಷ ಉದ್ದ ಅನ್ನಿಸುವುದಿಲ್ಲ. ಇನ್ನೊಂದು, ಡಿಸ್ಟೆಂಪರ್ ಅನ್ನುವ ಬೇರೆ ವೈರಸ್ ರೋಗ ಬಂದ ನಾಯಿಯೂ ದವಡೆ ಕುಣಿಸುತ್ತಾ ನೊರೆ ಬಿಡುತ್ತದೆ, ನೋಡಲು ಹುಚ್ಚುನಾಯಿಯ ಹಾಗೇ ಇರುತ್ತದೆ. ಅದ್ಯಾವುದು ಇದ್ಯಾವುದು ಅಂತ ನೀವು ತೀರ್ಮಾನ ಮಾಡಬೇಡಿ. ಗೂಡಿನ ಚಿಲಕ ಹಾಕಿ ಡಾಕ್ಟರಿಗೆ ಫೋನ್ ಮಾಡಿ.

ಜನ ಜಾಸ್ತಿ ಜಗಳ ತೆಗೆಯುವುದು ಆಪರೇಷನ್ ಆದ ನಾಯಿ ವಾಪಸ್ ಬಿಡುವಾಗ. "ಒಯ್ದಿದ್ದೀರಲ್ಲ, ಅಲ್ಲೇ ಇಟ್ಕೋರಿ, ಮತ್ಯಾಕ ತಂದ್ರಿ?" ಅಂತಾರೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದ ಪ್ರಕಾರ ಸಂತಾನಹರಣ ಮಾಡಿ, ರೇಬಿಸ್ ಲಸಿಕೆ ಹಾಕಿ, ಸಾಮಾನ್ಯವಾಗಿ ಹಿಡಿದ ಜಾಗಕ್ಕೇ ಬಿಡಬೇಕು. ಆ ಜಾಗ ಖಾಲಿ ಬಿಟ್ಟರೆ ಲಸಿಕೆ ಆಗದ ಬೇರೆ ನಾಯಿ ಬಂದು ಸೇರುತ್ತದೆ. ಹಿಡಿದ ಜಾಗ ಅಂದರೆ ಏರಿಯಾ ಹೆಸರಲ್ಲ, ಅದೇ ಗಲ್ಲಿ. ಒಂದು ಸಲ ಚೀಟಿಯಲ್ಲಿ ಬರೀ "ಮೋತಿ ಸರ್ಕಲ್" ಅಂತ ಇತ್ತು. ಡ್ರೈವರ್ ಅಂದಾಜಿನ ಮೇಲೆ ರಸ್ತೆಯ ಈ ಕಡೆ ಬಿಟ್ಟ. ಇಳಿದ ಕೂಡಲೇ ಆ ಗಲ್ಲಿಯ ಐದು ನಾಯಿ ಮೇಲೆ ಬಿದ್ದವು, ಹೊಲಿಗೆ ಬಿಚ್ಚಿ ಸಂಜೆಗೆ ಮತ್ತೆ ನಮ್ಮ ಮೇಜಿನ ಮೇಲಿತ್ತು. ಈಗ ಚೀಟಿಯಲ್ಲಿ "ಒಗ್ಗರಣೆ ಮಿರ್ಚಿ ಬಂಡಿ ಹಿಂದೆ, ನೀಲಿ ಗೇಟು" ಅಂತ ಬರೆಯುತ್ತೇವೆ, ಫೋಟೊ ಕೂಡ ತೆಗೆಯುತ್ತೇವೆ.

ಮನಸ್ಸು ತಡೆಯುತ್ತದಾ ಅಂತ ಕೇಳಿದ್ದಿರಲ್ಲ. ಅದಿರಿನ ಲಾರಿಗೆ ಸಿಕ್ಕಿ ಬೆನ್ನುಮೂಳೆ ಮುರಿದ ನಾಯಿಗಳು ಬರುತ್ತವೆ. ಕೆಲವಕ್ಕೆ ಮತ್ತೆ ಏಳದ ನಿದ್ದೆಯ ಸೂಜಿ ಕೊಡುವುದೇ ಸರಿ ಅಂತ ಡಾಕ್ಟರು ಹೇಳುತ್ತಾರೆ. ಸೂಜಿ ಅವರದ್ದು, ತಲೆ ಹಿಡಿದುಕೊಂಡು ಕೂರುವುದು ನಾನು. ಅವತ್ತು ಸಂಜೆ ನಾನು ಯಾರ ಹತ್ತಿರವೂ ಮಾತಾಡುವುದಿಲ್ಲ. ಅಭ್ಯಾಸ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನನಗಂತೂ ಆಗಿಲ್ಲ. ಮಾರನೇ ದಿನ ಆರೂವರೆಗೆ ಬಾಕಿ ನಾಯಿಗಳಿಗೆ ಹಸಿವಾಗಿರುತ್ತದೆ, ಹೋಗುತ್ತೇನೆ.

ಸಂಬಳ ಕಡಿಮೆ. ಇಲ್ಲೇ ಜೀನ್ಸ್ ಹೊಲಿಯುವ ನನ್ನ ಗೆಳತಿ ನನಗಿಂತ ಜಾಸ್ತಿ ತರುತ್ತಾಳೆ. ಮುಂದೆ ಇದರಲ್ಲೇ ಇರಬೇಕು ಅಂತಿದ್ದರೆ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಪಶುಪಾಲನೆ ಡಿಪ್ಲೊಮಾ ಇದೆ, ಅರ್ಹತೆ ವಿಚಾರಿಸಿ ನೋಡಿ. ಅದಕ್ಕೂ ಮೊದಲು ಹತ್ತಿರದ ಶೆಲ್ಟರ್‌ನಲ್ಲಿ ಒಂದು ವಾರ ಸುಮ್ನೆ ಕೈಜೋಡಿಸಿ, ಆದರೆ ಮೇ ತಿಂಗಳಲ್ಲೇ. ಹಳೇ ಬಟ್ಟೆ ಹಾಕಿಕೊಂಡು ಹೋಗಿ. ಚಪ್ಪಲಿ ಒಂದು ಜೊತೆ ಅಲ್ಲೇ ಬಿಟ್ಟು ಬನ್ನಿ, ಅದು ನಿಮ್ಮ ಮನೆ ಹೊಸ್ತಿಲು ದಾಟಬಾರದು. ಮನೆಯಲ್ಲಿ ಲಸಿಕೆ ಮುಗಿಯದ ಮರಿ ಇದ್ದರೆ, ಅದರ ಡೋಸ್ ಎಲ್ಲಾ ಮುಗಿಯುವವರೆಗೆ ಹೋಗಲೇಬೇಡಿ.