ಉಪ ಮುಖ್ಯಮಂತ್ರಿ ಅಂದರೆ ಯುವರಾಜ ಅಲ್ಲ

ಪ್ರಶ್ನೆ: ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರೆ ಉಪ ಮುಖ್ಯಮಂತ್ರಿಯೇ ತಾನಾಗಿ ಕುರ್ಚಿಗೆ ಬರ್ತಾರೆ ಅಲ್ವಾ ಸರ್? – ರಾಜಾಜಿನಗರದ ಓದುಗರು

ಇಲ್ಲ. ಲಾಲ್‌ಬಾಗ್‌ಗೆ ವಾಕಿಂಗ್ ಹೋದರೂ ಇದೇ ಪ್ರಶ್ನೆ, ಮದುವೆ ಊಟದ ಪಂಕ್ತಿಯಲ್ಲೂ ಇದೇ ಪ್ರಶ್ನೆ. ಹೋದ ವಾರ ಒಬ್ಬ ಹುಡುಗ ಕೋಚಿಂಗ್ ಸೆಂಟರ್ ನೋಟ್ಸ್ ತಂದು ತೋರಿಸಿದ. ಅದರಲ್ಲೂ 'ಉತ್ತರಾಧಿಕಾರಿ' ಎಂದೇ ಅಚ್ಚಾಗಿತ್ತು! ದುಡ್ಡು ವಾಪಸ್ ಕೇಳು ಎಂದೆ.

'ಉಪ ಮುಖ್ಯಮಂತ್ರಿ' ಎಂಬ ಪದವೇ ಸಂವಿಧಾನದಲ್ಲಿ ಇಲ್ಲ. ಕಾನೂನಿನ ಲೆಕ್ಕದಲ್ಲಿ ಅವರೂ ಒಬ್ಬ ಮಂತ್ರಿ. 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೀಗೇ ಹೇಳಿತು. ಇನ್ನೊಂದು ಮಾತು ಯಾರಿಗೂ ಹೊಳೆಯುವುದಿಲ್ಲ: ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರೆ ಅವರ ಜೊತೆ ಇಡೀ ಮಂತ್ರಿಮಂಡಲವೇ ಹೋಗುತ್ತದೆ. ಉಪ ಮುಖ್ಯಮಂತ್ರಿಯೂ ಹೋದರು. ಇನ್ನೆಲ್ಲಿಯ ಉತ್ತರಾಧಿಕಾರ?

2021ರ ಜುಲೈ ನೆನಪಿಸಿಕೊಳ್ಳಿ. ಯಡಿಯೂರಪ್ಪ ಇಳಿದಾಗ ಉಪ ಮುಖ್ಯಮಂತ್ರಿಗಳು ಒಬ್ಬರಲ್ಲ, ಮೂವರಿದ್ದರು. ಕುರ್ಚಿ ಸಿಕ್ಕಿದ್ದು ಗೃಹ ಮಂತ್ರಿ ಬಸವರಾಜ ಬೊಮ್ಮಾಯಿ ಅವರಿಗೆ. 2011ರಲ್ಲಂತೂ ಲೋಕಸಭಾ ಸದಸ್ಯರಾಗಿದ್ದ ಸದಾನಂದ ಗೌಡರು ಮುಖ್ಯಮಂತ್ರಿಯಾದರು. ಆಗ ಅವರು ವಿಧಾನಸಭೆಯಲ್ಲೂ ಇರಲಿಲ್ಲ, ಪರಿಷತ್ತಿನಲ್ಲೂ ಇರಲಿಲ್ಲ. ಆರು ತಿಂಗಳೊಳಗೆ ಪರಿಷತ್ತಿಗೆ ಆರಿಸಿ ಬಂದರು.

'ಜೆ.ಎಚ್. ಪಟೇಲರು ಆಗಲಿಲ್ವಾ?' ಎಂದು ಕೇಳುವವರಿದ್ದಾರೆ. ಆದರು. 1996ರಲ್ಲಿ ದೇವೇಗೌಡರು ಪ್ರಧಾನಿಯಾಗಿ ದೆಹಲಿಗೆ ಹೊರಟಾಗ ಪಟೇಲರು ಉಪ ಮುಖ್ಯಮಂತ್ರಿ. ಆದರೆ ಪಕ್ಷದ ಶಾಸಕರು ನಾಯಕ ಎಂದು ಒಪ್ಪಿದ್ದಕ್ಕೆ ಮುಖ್ಯಮಂತ್ರಿಯಾದರು, ಸರದಿ ಬಂತು ಅಂತಲ್ಲ.

ಶಾಸಕಾಂಗ ಪಕ್ಷ ನಾಯಕನನ್ನು ಆರಿಸಬೇಕು, ರಾಜ್ಯಪಾಲರು ಪ್ರಮಾಣವಚನ ಬೋಧಿಸಬೇಕು. ದೆಹಲಿಯಿಂದ ಬರುವ ವೀಕ್ಷಕರ ಜೇಬಿನಲ್ಲಿ ಹೆಸರು ಮೊದಲೇ ಇರುತ್ತದೆ, ನನಗೂ ಗೊತ್ತು. ಆದರೂ 224 ಜನರ ಸದನದಲ್ಲಿ 113 ತಲೆ ಎಣಿಸಿ ತೋರಿಸಬೇಕು. ಎಲ್ಲಿ ಎಣಿಸಬೇಕು? ರಾಜಭವನದಲ್ಲಲ್ಲ, ರೆಸಾರ್ಟ್‌ನಲ್ಲಂತೂ ಅಲ್ಲ, ಸದನದಲ್ಲೇ. ಇದನ್ನು ದೇಶಕ್ಕೇ ಕಲಿಸಿದ್ದು ನಮ್ಮ ಎಸ್.ಆರ್. ಬೊಮ್ಮಾಯಿ ಪ್ರಕರಣ. 1989ರಲ್ಲಿ ಬಹುಮತ ಸಾಬೀತಿಗೆ ಅವಕಾಶ ಕೊಡದೆ ಅವರ ಸರ್ಕಾರವನ್ನು ವಜಾ ಮಾಡಿದರು. ಅದು ತಪ್ಪು ಎಂಬ ತೀರ್ಪು ಬರುವಾಗ 1994.

ಪ್ರಶ್ನೆ: ಅರ್ಧರ್ಧ ಅವಧಿ ಎಂದು ಒಪ್ಪಂದ ಮಾಡಿಕೊಂಡರೆ ಕೋರ್ಟ್‌ಗೆ ಹೋಗಬಹುದೇ?

ಸುಮ್ನೆ ವಕೀಲರ ಫೀಸು ದಂಡ. ಜೆಡಿಎಸ್–ಬಿಜೆಪಿ ನಡುವೆ 20 ತಿಂಗಳು ನಿಮಗೆ, 20 ತಿಂಗಳು ನಮಗೆ ಎಂಬ ಮಾತಿತ್ತು. 2007ರ ನವೆಂಬರ್‌ನಲ್ಲಿ ಯಡಿಯೂರಪ್ಪ ಕೊನೆಗೂ ಪ್ರಮಾಣ ಸ್ವೀಕರಿಸಿದರು, ವಾರಕ್ಕೇ ಸರ್ಕಾರ ಬಿತ್ತು.

ಪ್ರಶ್ನೆ: ಮೊದಲ ಮುಖ್ಯಮಂತ್ರಿ ಯಾರು?

ಮೈಸೂರು ಸಂಸ್ಥಾನದ್ದಾದರೆ 1947ರ ಕೆ.ಸಿ. ರೆಡ್ಡಿ. ಏಕೀಕರಣದ ನಂತರ ಎಂದರೆ 1956ರ ನಿಜಲಿಂಗಪ್ಪ. ಯಾವುದು ಬೇಕು ಎಂದು ಸರಿಯಾಗಿ ಕೇಳಿ.

ಪ್ರಶ್ನೆ: ಚಾಮರಾಜನಗರಕ್ಕೆ ಹೋದರೆ ಅಧಿಕಾರ ಹೋಗುತ್ತದೆಯೇ?

ಸಿದ್ದರಾಮಯ್ಯ ಹಲವು ಸಲ ಹೋಗಿ ಬಂದೇ 2013ರಿಂದ 2018ರವರೆಗೆ ಐದು ವರ್ಷ ಮುಗಿಸಿದರು. ಇಂಥದ್ದನ್ನು ಟಿವಿ ಜ್ಯೋತಿಷಿಗೆ ಕಳಿಸಿ, ನನಗೆ ಬೇಡ.