ಶಾಲೆ ಮುಗಿಸದೆ ಕಾಲೇಜು, ಫೀಸು ಸರ್ಕಾರದ್ದು

ತಿಪಟೂರಿನ ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರ ಮಗಳ ಸಂಸಾರ ಇರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಪಕ್ಕದ ಬಾಥೆಲ್ ಊರಿನಲ್ಲಿ. ಮೊಮ್ಮಗ ಈಗ ಹನ್ನೊಂದನೇ ತರಗತಿ. ಸೆಪ್ಟೆಂಬರ್ ಪೂರ್ತಿ ವಿಡಿಯೊ ಕಾಲ್‌ನಲ್ಲಿ ಹುಡುಗ ಮನೆಯಲ್ಲೇ ಕಾಣುತ್ತಿದ್ದನಂತೆ. ಕೇಳಿದರೆ "ತಾತ, ನಾನು ಈ ವರ್ಷದಿಂದ ಕಾಲೇಜಿಗೆ ಹೋಗೋದು, ಇನ್ನೂ ಶುರುವಾಗಿಲ್ಲ, ಫೀಸು ಗೌರ್ಮೆಂಟೇ ಕೊಡುತ್ತೆ" ಅಂದನಂತೆ. ಮೇಷ್ಟ್ರಿಗೆ ನಂಬಿಕೆ ಬಂದಿಲ್ಲ. ಹನ್ನೆರಡನೇ ತರಗತಿ ಮುಗಿಸದವನನ್ನು ಕಾಲೇಜಿನವರು ಹೇಗೆ ಸೇರಿಸಿಕೊಳ್ಳುತ್ತಾರೆ? ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಸಂಬಳ ತರುವ ಮನೆಗೆ ಸರ್ಕಾರದ ದುಡ್ಡು ಯಾಕೆ? ಇದರಲ್ಲಿ ಹುಡುಗನಿಗೆ ಏನಾದರೂ ನಷ್ಟ ಇದೆಯಾ? ಪುಸ್ತಕಕ್ಕೆ ತಾವು ದುಡ್ಡು ಕಳುಹಿಸಬೇಕಾ? ಇವು ಅವರ ಪ್ರಶ್ನೆಗಳು.

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ಹುಡುಗ ಸುಳ್ಳು ಹೇಳಿಲ್ಲ. ಆ ಕಡೆ ಹೈಸ್ಕೂಲು ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಶುರುವಾಗಿಬಿಡುತ್ತದೆ. ಕಮ್ಯುನಿಟಿ ಕಾಲೇಜು ಎನ್ನುವ ಅಲ್ಲಿನ ಸ್ಥಳೀಯ ಸರ್ಕಾರಿ ಕಾಲೇಜುಗಳ ಮೊದಲ ಅವಧಿ ಶುರುವಾಗುವುದು ತಿಂಗಳ ಕೊನೆಯ ಹೊತ್ತಿಗೆ. ಎಲ್ಲ ಕೋರ್ಸನ್ನೂ ಕಾಲೇಜಿನಲ್ಲೇ ಹಿಡಿದ ಮಕ್ಕಳು ಆ ಮೂರ್ನಾಲ್ಕು ವಾರ ಮನೆಯಲ್ಲೇ ಇರುತ್ತಾರೆ. ನೋಡುವ ತಾತನಿಗೆ ಗಾಬರಿ ಆಗುವುದು ಸಹಜವೇ.

ಈ ಯೋಜನೆಯ ಹೆಸರು ರನ್ನಿಂಗ್ ಸ್ಟಾರ್ಟ್. 1990ರಲ್ಲಿ ವಾಷಿಂಗ್ಟನ್ ರಾಜ್ಯದ ಶಾಸನಸಭೆ ಮಾಡಿದ ಕಾನೂನಿನಿಂದ ಬಂದದ್ದು. ಹನ್ನೊಂದು, ಹನ್ನೆರಡನೇ ತರಗತಿಯ ಮಕ್ಕಳು ರಾಜ್ಯದ 34 ಕಮ್ಯುನಿಟಿ ಮತ್ತು ಟೆಕ್ನಿಕಲ್ ಕಾಲೇಜುಗಳಲ್ಲಿ, ಜೊತೆಗೆ ಕೆಲವು ವಿಶ್ವವಿದ್ಯಾಲಯಗಳಲ್ಲಿ, ಟ್ಯೂಷನ್ ಫೀಸು ಕೊಡದೆ ಓದಬಹುದು. ಓದಿದ್ದು ಎರಡು ಕಡೆಯೂ ಲೆಕ್ಕಕ್ಕೆ ಬರುತ್ತದೆ. ಓದನ್ನು ಅಲ್ಲಿ ಕ್ರೆಡಿಟ್ ಎಂಬ ಅಳತೆಯಲ್ಲಿ ಎಣಿಸುತ್ತಾರೆ. ಕಾಲೇಜಿನ 5 ಕ್ರೆಡಿಟ್‌ನ ಒಂದು ಕೋರ್ಸ್ ಅಂದರೆ ಹೈಸ್ಕೂಲಿನ ಒಂದು ಪೂರ್ತಿ ಕ್ರೆಡಿಟ್. ಶಾಲೆಯಲ್ಲಿ ವರ್ಷವಿಡೀ ಓದುವ ಇಂಗ್ಲಿಷನ್ನು ಕಾಲೇಜಿನಲ್ಲಿ ಸುಮಾರು ಹನ್ನೊಂದು ವಾರದ ಒಂದು ಕ್ವಾರ್ಟರ್‌ನಲ್ಲಿ ಮುಗಿಸುತ್ತಾರೆ. ಎಷ್ಟು ಜೋರಾಗಿ ಓಡಿಸುತ್ತಾರೆ ಎಂದು ನೀವೇ ಊಹಿಸಿ. ಅಷ್ಟು ವರ್ಷ ಪಾಠ ಮಾಡಿದವರು ನೀವು.

90 ಕ್ರೆಡಿಟ್ ಆದರೆ ಅಸೋಸಿಯೇಟ್ ಡಿಗ್ರಿ. ಸರಿಯಾದ ಬಗೆಯ ಡಿಗ್ರಿ ಆರಿಸಿಕೊಂಡಿದ್ದರೆ ಆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು ಅದನ್ನು ಮೊದಲ ಎರಡು ವರ್ಷದ ಓದು ಎಂದು ಒಪ್ಪಿಕೊಳ್ಳುತ್ತವೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಆದಮೇಲೆ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರುವ ಮಕ್ಕಳಿದ್ದಾರಲ್ಲ, ಸುಮಾರಾಗಿ ಆ ಜಾಡೇ. ವ್ಯತ್ಯಾಸ ಏನೆಂದರೆ ನಿಮ್ಮ ಮೊಮ್ಮಗ ಶಾಲೆ ಬಿಟ್ಟಿಲ್ಲ. ಅವನ ಹೆಸರು ಈಗಲೂ ಶಾಲೆಯ ಹಾಜರಿಯಲ್ಲಿದೆ. ಅಲ್ಲಿನ ತಂಡದಲ್ಲಿ ಆಡಬಹುದು, ಪದವಿ ಸಮಾರಂಭದಲ್ಲಿ ಗೆಳೆಯರ ಜೊತೆಯೇ ಟೋಪಿ ಹಾಕಿಕೊಳ್ಳಬಹುದು. ಮುಂದೆ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವಾಗಲೂ ಅವನು ಹೊಸ ವಿದ್ಯಾರ್ಥಿಗಳ ಸಾಲಿನಲ್ಲೇ ನಿಲ್ಲುತ್ತಾನೆ.

ಈಗ ದುಡ್ಡಿನ ಪ್ರಶ್ನೆ. ಇದು ಬಡವರ ಸ್ಕಾಲರ್‌ಶಿಪ್ ಎಂದು ನೀವು ತಿಳಿದಿದ್ದೀರಿ. ಹಾಗಲ್ಲ. ವಾಷಿಂಗ್ಟನ್ ಸಂವಿಧಾನದ ಒಂಬತ್ತನೇ ವಿಧಿ, ರಾಜ್ಯದಲ್ಲಿ ವಾಸಿಸುವ ಎಲ್ಲ ಮಕ್ಕಳ ಓದಿಗೆ ಧಾರಾಳವಾಗಿ ಏರ್ಪಾಡು ಮಾಡುವುದು ರಾಜ್ಯದ ಪರಮ ಕರ್ತವ್ಯ ಎನ್ನುತ್ತದೆ. ಅದರಂತೆ ಪ್ರತಿ ಮಗುವಿನ ಲೆಕ್ಕದಲ್ಲಿ ಶಾಲಾ ಜಿಲ್ಲೆಗೆ (ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗೆ) ರಾಜ್ಯದಿಂದ ಹಣ ಬರುತ್ತದೆ. ಮಗು ಕಾಲೇಜಿಗೆ ಹೋದರೆ ಅದೇ ಹಣದಲ್ಲಿ ನೂರಕ್ಕೆ 93 ಪಾಲು ಕಾಲೇಜಿಗೆ ದಾಟುತ್ತದೆ, 7 ಪಾಲು ಶಾಲಾ ಜಿಲ್ಲೆಯಲ್ಲಿ ಉಳಿಯುತ್ತದೆ. ಹುಡುಗ ಶಾಲೆಯಲ್ಲೇ ಕೂತಿದ್ದರೂ ಖರ್ಚಾಗುತ್ತಿದ್ದ ದುಡ್ಡೇ ಅದು. ಅಪ್ಪನ ಸಂಬಳ ಎಷ್ಟು ಎಂದು ಕೇಳದೆ ಶಾಲೆಗೆ ಸೇರಿಸಿಕೊಂಡ ಮೇಲೆ ಕಾಲೇಜಿನ ಬಾಗಿಲಲ್ಲಿ ಕೇಳುವುದು ಸರಿಯಲ್ಲ, ಅಲ್ವಾ?

ಹಾಗಾದರೆ ಶಾಲೆಯವರಿಗೆ ನೋವಿಲ್ಲವಾ? ಇದೆ. ಚುರುಕಾದ ಮಕ್ಕಳು ಹೊರಗೆ ಹೋದರೆ ಹಣವೂ ಹೋಗುತ್ತದೆ, ಮೇಲ್ಮಟ್ಟದ ತರಗತಿಗಳಿಗೆ ಮಕ್ಕಳು ಸಾಲದೆ ಆ ತರಗತಿಯೇ ನಿಂತುಹೋಗಬಹುದು. ಸಣ್ಣ ಶಾಲೆಗೆ ಇದು ಸಣ್ಣ ಪೆಟ್ಟಲ್ಲ.

ಕಾನೂನಿನಲ್ಲಿ ಉಚಿತ ಎಂದು ಬರೆದದ್ದು ಮಗುವಿನ ಕೈಗೆ ಸಿಗುವುದು ಎಂಥ ಪುಟ್ಟ ಅಂಕಿಯ ಮೇಲೆ ನಿಂತಿರುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ. ಪ್ರತಿ ಕ್ವಾರ್ಟರ್‌ಗೂ ಒಂದು ಫಾರಂ ಇರುತ್ತದೆ. ಶಾಲೆಯ ಕೌನ್ಸೆಲರ್ ಅದರಲ್ಲಿ, ಈ ಮಗು ಶಾಲೆಯಲ್ಲಿ ಇಷ್ಟು ತರಗತಿ ಕೂರುತ್ತದೆ, ಆದ್ದರಿಂದ ಕಾಲೇಜಿನಲ್ಲಿ ಇಷ್ಟು ಕ್ರೆಡಿಟ್‌ವರೆಗೆ ಉಚಿತ ಎಂದು ತುಂಬಿಸುತ್ತಾರೆ. ಅಪ್ಪ ಅಮ್ಮ, ಮಗು ಸಹಿ ಹಾಕುತ್ತಾರೆ. ಪೂರ್ತಿ ಶಾಲೆ ಅಂದರೆ 1.0, ಕಾಲೇಜಿನಲ್ಲಿ 15 ಕ್ರೆಡಿಟ್ ಅಂದರೆ ಇನ್ನೊಂದು 1.0. ಎರಡೂ ಸೇರಿ ರಾಜ್ಯ ದುಡ್ಡು ಕೊಡುತ್ತಿದ್ದದ್ದು 1.2ರವರೆಗೆ ಮಾತ್ರ. ಶಾಲೆಯಲ್ಲಿ ಪೂರ್ತಿ ಕೂರುವ ಹುಡುಗಿಗೆ ಉಳಿಯುವುದು 0.2, ಅಂದರೆ 3 ಕ್ರೆಡಿಟ್. ಆದರೆ ಅಲ್ಲಿ ಇಂಗ್ಲಿಷ್, ಗಣಿತದಂಥ ಕೋರ್ಸೆಲ್ಲ 5 ಕ್ರೆಡಿಟ್‌ನವು! ಮಿಕ್ಕ ಎರಡಕ್ಕೆ ಕೈಯಿಂದ ಕಟ್ಟಬೇಕು, ಇಲ್ಲವೇ ಶಾಲೆಯ ತರಗತಿ ಬಿಡಬೇಕು. 2023-24ರಿಂದ ಮಿತಿಯನ್ನು 1.4ಕ್ಕೆ ಏರಿಸಿದರು. ಈಗ 6 ಕ್ರೆಡಿಟ್ ಸಿಗುತ್ತದೆ. ಶಾಲೆಯನ್ನು ಪೂರ್ತಿ ಇಟ್ಟುಕೊಂಡೇ ಒಂದು ಕಾಲೇಜು ಕೋರ್ಸ್ ರುಚಿ ನೋಡಬಹುದು. ಭಾಷಣಗಳಲ್ಲಿ ಇಂಥದ್ದು ಬರುವುದಿಲ್ಲ. ಬಜೆಟ್‌ನಲ್ಲಿ ಒಂದು ದಶಾಂಶ ಬದಲಾದರೆ ಎಷ್ಟೋ ಮಕ್ಕಳ ಟೈಂಟೇಬಲ್ ಬದಲಾಗುತ್ತದೆ.

ನನ್ನ ತಕರಾರು ಬೇರೆ ಕಡೆ ಇದೆ. ಟ್ಯೂಷನ್ ಫೀಸು ಹೋದರೂ ಪುಸ್ತಕ, ಓಡಾಟ, ಲ್ಯಾಬ್ ಫೀಸು ಉಳಿಯುತ್ತವೆ. ಕಡಿಮೆ ಆದಾಯದ ಮನೆಯವರಿಗೆ ಕಾಲೇಜು ಫೀಸುಗಳಲ್ಲಿ ವಿನಾಯಿತಿ ಕೊಡಬೇಕೆಂದು ಕಾನೂನು ಹೇಳುತ್ತದೆ. ಪುಸ್ತಕಕ್ಕೆ ಹಾಗಿಲ್ಲ. ಕೆಲವು ಕಾಲೇಜುಗಳು ಎರವಲು ಕೊಡುತ್ತವೆ, ಅದೂ ಇದ್ದಷ್ಟು. ಅಲ್ಲಿ ಒಂದು ಪಠ್ಯಪುಸ್ತಕ ನೂರು ಡಾಲರ್ ದಾಟುವುದು ಹೊಸದೇನಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳೋಣ ಅಂದರೆ, ಎಷ್ಟೋ ಕೋರ್ಸ್‌ಗಳಲ್ಲಿ ಹೋಂವರ್ಕ್ ಮಾಡಲು ಪುಸ್ತಕದ ಜೊತೆ ಬರುವ ಆನ್‌ಲೈನ್ ಕೋಡ್ ಬೇಕು. ಅದು ಒಬ್ಬರು ಒಮ್ಮೆ ಬಳಸಿದರೆ ಮುಗಿಯಿತು. ಅಣ್ಣನ ಪುಸ್ತಕ ತಮ್ಮನಿಗೆ ಎನ್ನುವ ಮಾತೇ ಇಲ್ಲ.

ಓಡಾಟದ ವಿಷಯದಲ್ಲಿ ರಾಜ್ಯ ಒಂದು ಒಳ್ಳೆಯ ಕೆಲಸ ಮಾಡಿದೆ. 2022ರಿಂದ ಸಿಯಾಟಲ್ ಸುತ್ತಮುತ್ತಲಿನ ಬಸ್ಸುಗಳಲ್ಲಿ 18 ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ನಿಮ್ಮ ಮೊಮ್ಮಗನ ಊರಿನಲ್ಲೇ ಕ್ಯಾಸ್ಕೇಡಿಯಾ ಕಾಲೇಜು ಇದೆ, ಅವನಿಗೆ ತೊಂದರೆಯಿಲ್ಲ. ಆದರೆ ಕ್ಯಾಸ್ಕೇಡ್ ಬೆಟ್ಟಸಾಲಿನ ಆಚೆ, ಪೂರ್ವಕ್ಕೆ, ಗೋಧಿ ಬೆಳೆಯುವ ಸಣ್ಣ ಊರುಗಳ ಮಕ್ಕಳಿಗೆ ಬಸ್ ಟಿಕೆಟ್ ಉಚಿತ ಎಂದರೆ ಏನು ಬಂತು? ಬಸ್ಸೇ ಅಪರೂಪ. ಕಾರು ಇರಬೇಕು, ಪೆಟ್ರೋಲ್ ಹಾಕಿಸಬೇಕು.

ಅಂಥವರಿಗೆ ಇನ್ನೊಂದು ದಾರಿ ಇದೆ, ಕಾಲೇಜ್ ಇನ್ ದ ಹೈಸ್ಕೂಲ್ ಅಂತ. ಶಾಲೆಯ ಮೇಷ್ಟ್ರೇ ಕಾಲೇಜಿನ ಪಾಠಕ್ರಮ ಹಿಡಿದು ಶಾಲೆಯಲ್ಲೇ ಪಾಠ ಮಾಡುತ್ತಾರೆ, ಕಾಲೇಜು ಕ್ರೆಡಿಟ್ ಕೊಡುತ್ತದೆ. ವಿಚಿತ್ರ ನೋಡಿ, ಕಾಲೇಜಿಗೇ ಹೋಗುವ ಪಟ್ಟಣದ ಹುಡುಗನಿಗೆ ಫೀಸಿಲ್ಲ, ತನ್ನ ಶಾಲೆಯ ಬೆಂಚಿನಲ್ಲೇ ಕೂತ ಹಳ್ಳಿ ಹುಡುಗಿ ಆ ಕ್ರೆಡಿಟ್‌ಗೆ ಫೀಸು ಕಟ್ಟಬೇಕಿತ್ತು. ಬಹಳ ವರ್ಷ ಹೀಗೇ ನಡೆಯಿತು. 2023ರಲ್ಲಿ ಹೊಸ ಕಾನೂನು ಬಂದು ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳು ಕೊಡುವ ಈ ಕೋರ್ಸ್‌ಗಳ ಫೀಸನ್ನು ತೆಗೆದುಹಾಕಿತು. ರಾಜ್ಯವೇ ಆ ಖರ್ಚು ಹೊತ್ತಿತು. ರನ್ನಿಂಗ್ ಸ್ಟಾರ್ಟ್‌ನ ಮೂವತ್ತು ಚಿಲ್ಲರೆ ವರ್ಷದ ಕಥೆಯಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಸುದ್ದಿ ಇದೇ.

ವಾಷಿಂಗ್ಟನ್ ಇದರಲ್ಲಿ ಮೊದಲನೆಯದೇನೂ ಅಲ್ಲ. ಮಿನೆಸೋಟ ರಾಜ್ಯ 1985ರಲ್ಲೇ, ರೂಡಿ ಪರ್ಪಿಚ್ ಗವರ್ನರ್ ಆಗಿದ್ದಾಗ, ಇಂಥ ಕಾನೂನು ಮಾಡಿತು. ಅಲ್ಲಿ ಪುಸ್ತಕವೂ ಉಚಿತ. ಓಹಾಯೊದಲ್ಲಿ ಏಳನೇ ತರಗತಿಯಿಂದಲೇ ಅವಕಾಶ ಇದೆ. ಟೆಕ್ಸಸ್ ನೀವು ಹೇಳುವ ದಾರಿ ಹಿಡಿಯಿತು. 2023ರ ಕಾನೂನಿನಂತೆ, ಶಾಲೆಯಲ್ಲಿ ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾದ ಮಕ್ಕಳಿಗೆ ಕಾಲೇಜು ಕೋರ್ಸಿನ ಫೀಸನ್ನು, ಯೋಜನೆಗೆ ಸೇರಿದ ಕಾಲೇಜುಗಳಲ್ಲಿ, ರಾಜ್ಯ ಭರಿಸುತ್ತದೆ. ಜಾರ್ಜಿಯದಲ್ಲಿ ಕೈಬಿಚ್ಚಿ ಕೊಟ್ಟು, ಖರ್ಚು ಏರುತ್ತಾ ಹೋದಾಗ 2020ರಲ್ಲಿ ಒಬ್ಬರಿಗೆ 30 ಕ್ರೆಡಿಟ್ ಎಂದು ಮಿತಿ ಹಾಕಿದರು. ಇಡೀ ಅಮೆರಿಕದಲ್ಲಿ 2022-23ರಲ್ಲಿ ಹೀಗೆ ಕಾಲೇಜು ಪಾಠ ಕಲಿತ ಹೈಸ್ಕೂಲು ಮಕ್ಕಳು ಸುಮಾರು 25 ಲಕ್ಷ.

ನನ್ನನ್ನು ಕೇಳಿದರೆ, ಟ್ಯೂಷನ್ ಎಲ್ಲರಿಗೂ ಇರಲಿ, ಮಿನೆಸೋಟದ ಹಾಗೆ ಪುಸ್ತಕವೂ ಸೇರಲಿ. ಆದಾಯ ನೋಡಿ ಕೊಡುವ ಯೋಜನೆಗಳಲ್ಲಿ ಅರ್ಜಿ ತುಂಬಲು ಬಾರದವರೇ ಹೊರಗೆ ಉಳಿಯುತ್ತಾರೆ. ನಮ್ಮೂರಿನ ಯಾವ ಕಚೇರಿ ಮುಂದೆ ನಿಂತು ನೋಡಿದರೂ ಇದು ನಿಮಗೆ ಗೊತ್ತಾಗುತ್ತದೆ. ಎಲ್ಲರಿಗೂ ಇದ್ದಾಗ ಶಾಲೆಯಲ್ಲೇ ನಾಲ್ಕು ಜನ ಮಾತಾಡಿಕೊಳ್ಳುತ್ತಾರೆ, ಸುದ್ದಿ ತಾನೇ ಹರಡುತ್ತದೆ.

ಸಾಫ್ಟ್‌ವೇರ್ ಸಂಬಳದ ಮನೆ ಅಂದಿರಿ. ಅಂಥ ಮನೆಗಳಲ್ಲೂ ಒಂದು ಸೂಕ್ಷ್ಮ ಇದೆ. ಅಲ್ಲಿರುವ ನಮ್ಮವರಲ್ಲಿ ಎಷ್ಟೋ ಜನರ ಮಕ್ಕಳು ಎಚ್-4 ವೀಸಾದಲ್ಲಿದ್ದಾರೆ, ಅಂದರೆ ಅಪ್ಪ ಅಥವಾ ಅಮ್ಮನ ಕೆಲಸದ ವೀಸಾವನ್ನು ನೆಚ್ಚಿಕೊಂಡ ವೀಸಾದಲ್ಲಿ. ಗ್ರೀನ್ ಕಾರ್ಡ್ ಸಾಲು ಉದ್ದ, ಮಗನಿಗೆ 21 ತುಂಬಿದರೆ ಆ ವೀಸಾ ಮುಗಿಯಿತು. ಅಂಥ ಮಕ್ಕಳಿಗೆ ಕಾಲೇಜಿನಲ್ಲಿ ಕೇಂದ್ರ ಸರ್ಕಾರದ ವಿದ್ಯಾರ್ಥಿ ಧನಸಹಾಯವೂ ಇಲ್ಲ, ಸಾಲವೂ ಇಲ್ಲ. ಸರ್ಕಾರಿ ಶಾಲೆಯ ವಿದ್ಯಾರ್ಥಿ ಎಂಬ ಒಂದೇ ಕಾರಣಕ್ಕೆ ಸಿಗುವ ಕ್ರೆಡಿಟ್‌ಗಳು ಅವರಿಗೆ ಸುಮ್ನೆ ಬಿಡುವಂಥದ್ದಲ್ಲ. ನಿಮ್ಮ ಮಗಳ ಮನೆಯ ವೀಸಾ ಸ್ಥಿತಿ ಏನೆಂದು ನೀವು ಬರೆದಿಲ್ಲ, ಆದರೂ ಹೇಳಿಟ್ಟೆ.

ಇನ್ನು ನಷ್ಟದ ಮಾತು. ಇದೆ, ಮತ್ತು ನಮ್ಮ ಮನೆಗಳಲ್ಲಿ ಇದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹದಿನಾರರಲ್ಲಿ ಬಂದ ಆ ಗ್ರೇಡು ಕಾಲೇಜಿನ ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಎಪಿ ಪರೀಕ್ಷೆಯಾದರೆ (ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಓದಿ ಬರೆಯುವ ಪರೀಕ್ಷೆ) ಅಂಕ ಕಡಿಮೆ ಬಂದಾಗ ಕಾಲೇಜಿಗೆ ಕಳುಹಿಸದೆ ಇರಬಹುದು. ಇಲ್ಲಿ ಹಾಗಿಲ್ಲ. ಮುಂದೆ ಅವನು ಮೆಡಿಕಲ್‌ಗೆ ಅರ್ಜಿ ಹಾಕಿದರೆ ಹೈಸ್ಕೂಲಿನಲ್ಲಿದ್ದಾಗ ಮಾಡಿದ ಕಾಲೇಜು ಕೋರ್ಸಿನ ಗ್ರೇಡನ್ನೂ ತೋರಿಸಲೇಬೇಕು. ಹುಡುಗ ಡಾಕ್ಟರಾಗಲಿ ಎಂದು ಮನೆಯಲ್ಲಿ ಯಾರಿಗಾದರೂ ಆಸೆ ಇದ್ದರೆ (ಇದ್ದೇ ಇರುತ್ತದೆ) ಈ ಮಾತು ಅವರ ಕಿವಿಗೆ ಬೀಳಲಿ. ಇನ್ನೊಂದು, ಹಲವು ಖಾಸಗಿ ವಿಶ್ವವಿದ್ಯಾಲಯಗಳು ಈ ಕ್ರೆಡಿಟ್ ಒಪ್ಪುವುದಿಲ್ಲ. ಬೇರೆ ರಾಜ್ಯಕ್ಕೆ ಹೋಗುವ ಯೋಚನೆ ಇದ್ದರೆ ಮೊದಲೇ ಕೇಳಿಕೊಳ್ಳಬೇಕು.

ಕಾಲೇಜಿನ ಮೇಷ್ಟ್ರು ಅಪ್ಪ ಅಮ್ಮನ ಜೊತೆ ಮಾತಾಡುವ ಪದ್ಧತಿಯೂ ಅಲ್ಲಿಲ್ಲ. ಕಾಲೇಜು ಸೇರಿದ ಮೇಲೆ, ವಯಸ್ಸು ಹದಿನಾರೇ ಇರಲಿ, ಕಾಲೇಜಿನ ದಾಖಲೆಯ ಹಕ್ಕು ವಿದ್ಯಾರ್ಥಿಯದು. ಹುಷಾರಿಲ್ಲ ಎಂದು ಇಮೇಲ್ ಬರೆಯುವುದು ಅವನ ಕೆಲಸ, ತಾಯಿಯದಲ್ಲ. ಕೋರ್ಸ್ ಬಿಡುವುದಾದರೆ ಕೊನೆಯ ದಿನಾಂಕ ನೆನಪಿಟ್ಟುಕೊಳ್ಳುವುದೂ ಅವನೇ. ಪಕ್ಕದ ಕುರ್ಚಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ, ಇಬ್ಬರು ಮಕ್ಕಳ ತಾಯಿ ಕೂತಿರಬಹುದು. ಇದು ಕೆಟ್ಟದ್ದು ಎಂದು ನಾನು ಹೇಳಲಾರೆ. ಕೆಲವು ಮಕ್ಕಳು ಇಲ್ಲೇ ಅರಳುತ್ತಾರೆ. ಆದರೆ ಮೊದಲ ಕ್ವಾರ್ಟರ್‌ನಲ್ಲೇ ಪೂರ್ತಿ 15 ಕ್ರೆಡಿಟ್ ಹೊರುವುದು ಜಾಸ್ತಿ ಆಯಿತು ಎಂದು ನನಗನಿಸುತ್ತದೆ. ಚಳಿಗಾಲದ ಕ್ವಾರ್ಟರ್‌ಗೆ ಒಂದೋ ಎರಡೋ ಕೋರ್ಸ್ ಕಾಲೇಜಿನಲ್ಲಿ, ಮಿಕ್ಕದ್ದು ಶಾಲೆಯಲ್ಲಿ ಇಟ್ಟುಕೊಳ್ಳಬಹುದಾ ಎಂದು ಕೌನ್ಸೆಲರನ್ನು ಕೇಳಲು ಹೇಳಿ. ತಾತ ಹೇಳಿದರೆ ಕೇಳುತ್ತಾನೆ. ಅಮ್ಮ ಹೇಳಿದರೆ ಕೇಳುವ ವಯಸ್ಸಲ್ಲ ಅದು.

ಪುಸ್ತಕದ ದುಡ್ಡು ಈಗಲೇ ಕಳುಹಿಸಬೇಡಿ. ವಾಷಿಂಗ್ಟನ್ನಿನ ಕಮ್ಯುನಿಟಿ ಕಾಲೇಜುಗಳು 2011ರಿಂದಲೇ ಓಪನ್ ಕೋರ್ಸ್ ಲೈಬ್ರರಿ ಎಂದು ಮಾಡಿ, ಹೆಚ್ಚು ಮಕ್ಕಳು ಸೇರುವ 81 ಕೋರ್ಸ್‌ಗಳಿಗೆ ಪಾಠದ ಸಾಮಗ್ರಿಯನ್ನು ಮುಕ್ತವಾಗಿ ಇಡುವ ಕೆಲಸಕ್ಕೆ ಕೈಹಾಕಿದ್ದವು. ಪುಸ್ತಕ ಬೇಕಾದರೂ 30 ಡಾಲರ್ ದಾಟಬಾರದು ಎನ್ನುವುದು ಅವರ ಗುರಿ. ಕೋರ್ಸ್ ಆರಿಸುವಾಗ ಅದೇ ಕೋರ್ಸಿಗೆ ಪುಸ್ತಕದ ಖರ್ಚಿಲ್ಲದ ತರಗತಿ ಇದೆಯಾ ಎಂದು ಮೊಮ್ಮಗ ಮೊದಲು ನೋಡಲಿ, ಆಮೇಲೆ ಕಾಲೇಜು ಲೈಬ್ರರಿಯಲ್ಲಿ ಎರವಲು ವಿಚಾರಿಸಲಿ. ಅಷ್ಟಾದ ಮೇಲೂ ಗಣಿತದ ಆ ಆನ್‌ಲೈನ್ ಕೋಡ್ ಒಂದಕ್ಕೆ ದುಡ್ಡು ಬೇಕೆಂದರೆ, ಅದನ್ನು ಅವನ ಅಪ್ಪನೇ ಕೊಡಲಿ ಬಿಡಿ.