ಸಾಂತ್ವನ ಅಂದ್ರೆ ಏನು? ಎಲ್ಲಿ ಬಳಸಬೇಕು?

ದುಃಖದಲ್ಲಿರೋರಿಗೆ, ನೊಂದೋರಿಗೆ ಮೃದುವಾದ ಮಾತಲ್ಲಿ ಸಮಾಧಾನ ಹೇಳೋದೇ ಸಾಂತ್ವನ. ಸಂಸ್ಕೃತದಿಂದ ಬಂದಿರೋ ಪದ, ಸಾಮ ದಾನ ಭೇದ ದಂಡದಲ್ಲಿ ಬರೋ ಸಾಮಕ್ಕೂ ಇದಕ್ಕೂ ಅರ್ಥದಲ್ಲಿ ತುಂಬಾ ಹತ್ತಿರ, ಎರಡರಲ್ಲೂ ಒಳ್ಳೆ ಮಾತಿಂದ ಮನಸ್ಸನ್ನ ತಣ್ಣಗೆ ಮಾಡೋದೇ ಮುಖ್ಯ.

ಬಳಸೋವಾಗ "ಸಾಂತ್ವನ ಹೇಳಿದರು" ಅಥವಾ "ಸಾಂತ್ವನ ನೀಡಿದರು" ಅಂತೀವಿ. ಪೇಪರ್‌ನಲ್ಲಿ "ಮೃತರ ಕುಟುಂಬಕ್ಕೆ ಸಚಿವರ ಸಾಂತ್ವನ" ಅಂತ ದಿನಾ ಓದಿರ್ತೀರ. ಕರ್ನಾಟಕ ಸರ್ಕಾರ ದೌರ್ಜನ್ಯಕ್ಕೆ ಒಳಗಾದ ಹೆಣ್ಮಕ್ಕಳಿಗೆ ಅಂತ ಮಾಡಿರೋ ಕೇಂದ್ರಗಳಿಗೂ ಇದೇ ಹೆಸರು, ನಂಗಂತೂ ತುಂಬಾ ಸರಿಯಾದ ಹೆಸರು ಅನ್ಸುತ್ತೆ.

ಜಾಸ್ತಿ ಗೊಂದಲ ಆಗೋದು ಸಂತಾಪದ ಜೊತೆ. ಯಾರಾದ್ರೂ ತೀರಿಕೊಂಡಾಗ ನಮಗಾದ ದುಃಖ ಹೇಳ್ಕೊಳ್ಳೋದು ಸಂತಾಪ, ಅವರ ಮನೆಯವರ ನೋವು ಕಡಿಮೆ ಮಾಡೋಕೆ ಆಡೋ ಮಾತು ಸಾಂತ್ವನ. ಸಾಂತ್ವನಕ್ಕೆ ಸಾವೇ ಆಗಿರ್ಬೇಕು ಅಂತಿಲ್ಲ, ಪರೀಕ್ಷೆ ಫೇಲಾದೋರಿಗೂ ಕೆಲಸ ಕಳ್ಕೊಂಡೋರಿಗೂ ಹೇಳ್ಬಹುದು. ಆದ್ರೆ ಸಿಟ್ಟಲ್ಲಿರೋರನ್ನ ತಣ್ಣಗೆ ಮಾಡೋಕೆ ಇವತ್ತಿನ ಕನ್ನಡದಲ್ಲಿ ಸಮಾಧಾನ ಅಂತಾನೇ ಅನ್ಬೇಕು.

ಮಾತಾಡೋವಾಗ ನಾವು ಸಾಮಾನ್ಯವಾಗಿ "ಸಮಾಧಾನ ಮಾಡ್ದೆ", "ಧೈರ್ಯ ಹೇಳ್ದೆ" ಅಂತೀವಿ, ಸಾಂತ್ವನ ಸ್ವಲ್ಪ ಬರವಣಿಗೆ ಪದ. "ಸಂತೈಸು" ಅನ್ನೋ ಕ್ರಿಯಾಪದಾನೂ ಇದೆ, ಅದು ಇನ್ನೂ ಚೆಂದ, ದಯವಿಟ್ಟು ಬಳಸಿ. ಇನ್ನು ಸ್ಪೆಲ್ಲಿಂಗ್, ಸಾಂತ್ವಾನ, ಸ್ವಾಂತನ ಎರಡೂ ತಪ್ಪು.